ದೊಡ್ಡ ಚೂರು

ನಮ್ಮ ಮೆಡಿಕಲ್ ಸ್ಟೋರಿಗೆ ಒಂದು ಹೆಸರಿದೆ, ಬೋರ್ಡೂ ಇದೆ. ಆದರೆ ಚಿಕ್ಕಬಾಣಾವರದ ಸ್ಟೇಷನ್ ಕಡೆಯಿಂದ ಬರುವವರು ದಾರಿ ಕೇಳಿದರೆ ಜನ ಅದನ್ನು 'ಬೈಯೋ ಮೇಡಂ ಅಂಗಡಿ' ಎಂದೇ ತೋರಿಸುತ್ತಾರೆ. ನನಗೇನೂ ಬೇಸರವಿಲ್ಲ. ಬೈದು ಹೇಳುವವರು ಬದುಕೋಕೆ ಹೇಳ್ತಾರೆ, ನಗ್ತಾ ಹೇಳುವವರು ಕೆಡೋಕೆ ಹೇಳ್ತಾರೆ ಅಂತ ಗಾದೆಯೇ ಇದೆಯಲ್ಲ. ಯಾರಾದರೂ ಮುಖ ಊದಿಸಿಕೊಂಡರೆ ಈ ಗಾದೆಯನ್ನು ಅವರ ಕೈಗೆ ಮಾತ್ರೆಯ ಜೊತೆಗೇ ಕೊಟ್ಟು ಕಳಿಸುತ್ತಿದ್ದೆ. ಅದೇ ಗಾದೆಯನ್ನು ಒಬ್ಬರು ನನಗೆ ವಾಪಸು ಕೊಟ್ಟರು. ಅದನ್ನು ಬರೆಯೋಣ ಎಂದು ಕುಳಿತಿದ್ದೇನೆ.

ನೆಗಡಿ, ಜ್ವರದವರು ಬರುತ್ತಾರೆ, ಹೋಗುತ್ತಾರೆ. ಅವರ ಮುಖ ನೆನಪಿರುವುದಿಲ್ಲ. ನಮ್ಮಂಥ ಅಂಗಡಿಯ ನಿಜವಾದ ಒಕ್ಕಲು ಎಂದರೆ ತಿಂಗಳ ಮಾತ್ರೆಯವರು. ಬಿಪಿ, ಶುಗರ್, ಥೈರಾಯ್ಡ್, ಹಾರ್ಟು. ಇವರಿಗೆ ಡಾಕ್ಟರು ಒಂದು ಸಲ ಬರೆದುಕೊಟ್ಟ ಮಾತ್ರೆಯನ್ನು ತಿಂಗಳು ತಿಂಗಳೂ ನಾವು ಕೊಡುತ್ತಾ ಹೋಗಬೇಕು. ಡಾಕ್ಟರು ಎಲ್ಲಿಯವರೆಗೆ ಎಂದು ಬರೆದಿದ್ದಾರೋ ಅಲ್ಲಿಯವರೆಗೆ ಕೊಡಬಹುದು, ಆಮೇಲೆ ಹೊಸ ಚೀಟಿ ಬೇಕು. ಜನ ಕೇಳಬೇಕಲ್ಲ. ಹಳೇ ಚೀಟಿಯನ್ನು ಮಡಿಕೆ ಹರಿಯುವವರೆಗೆ ಇಟ್ಟುಕೊಂಡು, ಹರಿದ ಮೇಲೆ ಟೇಪು ಅಂಟಿಸಿ ತರುತ್ತಾರೆ. ಒಬ್ಬರಂತೂ ಲ್ಯಾಮಿನೇಷನ್ ಮಾಡಿಸಿಯೇ ತಂದರು. 'ಇದೇನು ಮದುವೆ ಫೋಟೋನಾ, ಹೋಗಿ ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ' ಎಂದು ಬೈದು ಕಳಿಸಿದೆ.

ಚೀಟಿ ತರದವರು ಖಾಲಿ ಶೀಟು ತರುತ್ತಾರೆ. ಮಾತ್ರೆ ಮುಗಿದ ಶೀಟಿನ ತುದಿಯನ್ನು ತೋರಿಸಿ 'ಇದೇ ಕೊಡಿ' ಎನ್ನುವುದು ನಮ್ಮ ಕಡೆಯ ಪದ್ಧತಿ. ಅದಕ್ಕೇ ನಾನು ಶೀಟನ್ನು ಕತ್ತರಿಸುವಾಗ ಮಾತ್ರೆಯ ಹೆಸರಿರುವ ತುದಿಯನ್ನು ಕೊನೆಯವರೆಗೆ ಉಳಿಸುತ್ತೇನೆ. ಇನ್ನೊಂದು ವಿಷಯ ಇದೆ. ತಿಂಗಳ ಮಾತ್ರೆಯವರು ತಡವಾಗಿ ಬಂದರೆ ಮಾತ್ರೆ ತಪ್ಪಿಸಿದ್ದಾರೆ ಎಂದು ಅರ್ಥ, ಬೇಗ ಬಂದರೆ ಜಾಸ್ತಿ ನುಂಗಿದ್ದಾರೆ ಎಂದು ಅರ್ಥ. ಎರಡಕ್ಕೂ ನನ್ನ ಹತ್ತಿರ ಬೈಗುಳ ಸಿದ್ಧವಿರುತ್ತದೆ. 'ಒಂದು ದಿನ ಬಿಟ್ರೆ ಏನಾಗುತ್ತೆ ಮೇಡಂ' ಎಂದು ಯಾರಾದರೂ ಕೇಳಿದರೆ ಮುಗಿಯಿತು. 'ಏನಾಗುತ್ತಾ? ಒಂದು ಕೈ ಒಂದು ಕಾಲು ಬೀಳುತ್ತೆ, ಬಾಯಿ ಸೊಟ್ಟಗಾಗುತ್ತೆ, ಆಮೇಲೆ ಸೊಸೆ ಕೈಲಿ ಗಂಜಿ ಕುಡೀಬೇಕಾಗುತ್ತೆ' ಎಂದು ಇಡೀ ಅಂಗಡಿಗೆ ಕೇಳುವ ಹಾಗೆ ಹೇಳುತ್ತಿದ್ದೆ. ಹೆದರಿಸಿದರೆ ನೆನಪಿಟ್ಟುಕೊಳ್ಳುತ್ತಾರೆ ಎನ್ನುವುದು ನನ್ನ ಲೆಕ್ಕ.

ನನ್ನ ಬೈಗುಳಕ್ಕೆ ಎಂದೂ ಸಿಗದೇ ಇದ್ದವರು ಒಬ್ಬರೇ. ಅವರನ್ನು ನಾನು ಯಜಮಾನ್ರೇ ಎಂದು ಕರೆಯುತ್ತಿದ್ದೆ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ದುಡಿದು ರಿಟೈರ್ ಆದವರು. ಮೂಲತಃ ಇದೇ ಊರಿನವರು. ಈಗ ಬಾಡಿಗೆ ಮನೆಗಳು ಎದ್ದಿರುವ ಸಾಲಿನಲ್ಲಿ ಒಂದು ಕಾಲಕ್ಕೆ ಅವರ ರಾಗಿ ಹೊಲ ಇತ್ತು. ಮೇಲಿನ ಮನೆಯಲ್ಲಿ ಮಗ ಸೊಸೆ, ಕೆಳಗೆ ಇವರೂ ಇವರ ಹೆಂಡತಿಯೂ. ಬೆಳಗಿನ ವಾಕಿಂಗ್ ಮುಗಿಸಿ, ಇಸ್ತ್ರಿ ಮಾಡಿದ ಅಂಗಿಯ ಜೇಬಿನಿಂದ ಶೀಟಿನ ತುದಿ ತೆಗೆದು ಕೌಂಟರಿನ ಮೇಲೆ ಇಡುವರು. ಒಂದು ದಿನ ಹಿಂದೆ ಇಲ್ಲ, ಒಂದು ದಿನ ಮುಂದೆ ಇಲ್ಲ.

ಗಂಡ ಹೆಂಡತಿ ಇಬ್ಬರಿಗೂ ಬಿಪಿ. ಇಬ್ಬರಿಗೂ ಡಾಕ್ಟರು ಒಂದೇ ಮಾತ್ರೆ ಬರೆದಿದ್ದರು, ಬೆಳಿಗ್ಗೆ ಅರ್ಧರ್ಧ. ಹಾಗಾಗಿ ಆ ಮನೆಯಲ್ಲಿ ದಿನಕ್ಕೊಂದು ಮಾತ್ರೆ ಒಡೆಯುವುದು, ಇವರೊಂದು ಚೂರು, ಅವರೊಂದು ಚೂರು.

'ನಮ್ದು ಜಾಯಿಂಟ್ ಅಕೌಂಟ್ ಕಣಮ್ಮ' ಎಂದು ನಗುತ್ತಿದ್ದರು.

ಒಂದು ಸಲ ಮಾತ್ರ ದೂರು ತಂದರು. ಈಳಿಗೆಮಣೆಯ ಮೇಲೆ ಒಡೆದರೆ ಮಾತ್ರೆ ಪುಡಿಯಾಗುತ್ತದೆ, ಚಾಕುವಿನಲ್ಲಿ ಒತ್ತಿದರೆ ಹಾರಿ ಗ್ಯಾಸಿನ ಕೆಳಗೆ ಹೋಗುತ್ತದೆ. ನಾನು ಮಾತ್ರೆ ಕತ್ತರಿಸುವ ಪ್ಲಾಸ್ಟಿಕ್ ಡಬ್ಬಿ ತೋರಿಸಿದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅದನ್ನು ಮಾಡಿದವನ ಮೇಲೆ ಕನಿಕರಪಟ್ಟವರ ಹಾಗೆ ವಾಪಸು ಇಟ್ಟರು.

'ಇದರ ಬ್ಲೇಡು ಅಲ್ಲಾಡುತ್ತೆ. ನಾನೇ ಮಾಡ್ಕೋತೀನಿ ಬಿಡು.'

ಮುಂದಿನ ತಿಂಗಳು ಬರುವಾಗ ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಬೆಂಕಿಪೊಟ್ಟಣದಷ್ಟು ದೊಡ್ಡ ಹಿತ್ತಾಳೆಯ ತುಂಡು. ನಡುವೆ ಮಾತ್ರೆ ಕೂರಲು ದುಂಡನೆಯ ಗುಳಿ, ಮೇಲೆ ಕೀಲಿನ ಮೇಲೆ ಬಗ್ಗುವ ಬ್ಲೇಡು. ಪಾಲಿಶ್ ಮಾಡಿ ಫಳಫಳ ಹೊಳೆಯುತ್ತಿತ್ತು. ನಾನು ಮುಟ್ಟಲು ಹೋದರೆ ಕೈ ಕುಯ್ದುಕೊಳ್ಳುತ್ತೀಯ ಎಂದು ಹಿಂದಕ್ಕೆ ಎಳೆದುಕೊಂಡರು.

'ಸಮ ಕತ್ತರಿಸುತ್ತಾ ಯಜಮಾನ್ರೇ?' ಎಂದು ರೇಗಿಸಿದೆ.

'ಕೂದಲೆಳೆ ಆಚೀಚೆ ಆಗೋ ಕೈ ಅಲ್ಲ ಇದು. ಎಲ್ಲಿ ಕತ್ತರಿಸ್ಬೇಕು ಅಂತ ನಾನು ಹೇಳ್ತೀನೋ ಅಲ್ಲೇ ಕತ್ತರಿಸುತ್ತೆ' ಎಂದರು. ಆ ಉತ್ತರದಲ್ಲಿ ಸಮ ಎನ್ನುವ ಮಾತಿರಲಿಲ್ಲ. ನನಗೆ ಅದು ಹೊಳೆದದ್ದು ತುಂಬ ತಡವಾಗಿ.

ಅದೇ ಸುಮಾರಿಗೆ ಅವರು ಇನ್ನೊಂದು ಮಾತು ಕೇಳಿದ್ದರು. ಹೆಂಡತಿಯ ಬಿಪಿ ಇಳಿಯುತ್ತಿಲ್ಲ, ಅವಳಿಗೆ ಮಾತ್ರೆ ಸ್ವಲ್ಪ ಜಾಸ್ತಿ ಕೊಟ್ಟರೆ ಹೇಗೆ ಎಂದು. ಅದನ್ನು ನಾನೂ ನೀವೂ ತೀರ್ಮಾನಿಸುವ ಹಾಗಿಲ್ಲ, ಅಮ್ಮನನ್ನು ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ ಎಂದೆ. ಅವಳಿಗೆ ಆಸ್ಪತ್ರೆಯ ವಾಸನೆ ಕಂಡರೇ ಆಗುವುದಿಲ್ಲ, ಗೇಟಿನಲ್ಲೇ ಬಿಪಿ ಏರುತ್ತದೆ ಎಂದರು. 'ನೋಡೋಣ ಬಿಡು' ಎಂದು ಹೇಳಿ, ಶೀಟನ್ನು ಜೇಬಿಗಿಟ್ಟುಕೊಂಡು ಹೋದರು. ಮತ್ತೆ ಆ ವಿಷಯ ಎತ್ತಲಿಲ್ಲ. ಸರಿಹೋಗಿರಬೇಕು ಎಂದುಕೊಂಡೆ.

ಆಮೇಲೆ ಕೆಲವು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅವರು ಬಚ್ಚಲಿನಲ್ಲಿ ಮುಖ ತೊಳೆಯುತ್ತಿದ್ದಾಗ ಚೊಂಬು ಕೈಯಿಂದ ಜಾರಿತಂತೆ. ಬಗ್ಗಿ ಎತ್ತಿಕೊಳ್ಳಲು ಹೋದವರಿಗೆ ಏಳಲು ಆಗಲಿಲ್ಲ. ಲಕ್ವ. ಮಗ ಆಸ್ಪತ್ರೆಗೆ ಹಾಕಿದ. ಮಾತು ವಾಪಸು ಬರಲೇ ಇಲ್ಲ, ವಾರ ಕಳೆಯುವುದರೊಳಗೆ ತೀರಿಕೊಂಡರು. ನಾನು ಅಂಗಡಿಯ ಶಟರ್ ಎಳೆದು ಹೋಗಿ ಮುಖ ನೋಡಿ ಬಂದೆ. ಮಾತ್ರೆ ತಪ್ಪಿಸುವವರಿಗೆಲ್ಲ ನಾನು ಏನು ಆಗುತ್ತದೆ ಎಂದು ಹೆದರಿಸುತ್ತಿದ್ದೆನೋ, ಅದು ಒಂದು ದಿನವೂ ತಪ್ಪಿಸದ ಮನುಷ್ಯನಿಗೆ ಬಂದಿತ್ತು. ನನಗೆ ದೇವರ ಮೇಲೇ ಸಿಟ್ಟು ಬಂತು.

ಹನ್ನೊಂದನೇ ದಿನದ ಕಾರ್ಯವೆಲ್ಲ ಮುಗಿದ ಮೇಲೆ ಅವರ ಹೆಂಡತಿ, ಆ ಅಮ್ಮ, ಅಂಗಡಿಗೆ ಬಂದರು. ಅಷ್ಟು ವರ್ಷದಲ್ಲಿ ಅವರು ನಮ್ಮ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಸಣ್ಣ ಆಳು. ಸೆರಗಿನ ತುದಿಯ ಗಂಟು ಬಿಚ್ಚಿ ಶೀಟಿನ ತುದಿ ತೆಗೆದು, ಗಂಡ ಇಡುತ್ತಿದ್ದ ಜಾಗದಲ್ಲೇ ಇಟ್ಟರು. ಯಾರು ಹೇಳಿಕೊಟ್ಟರೋ.

ನಾನು ಮಾತ್ರೆ ಕೊಟ್ಟು, ಮೆತ್ತಗೆ ಹೇಳಿದೆ: 'ಅಮ್ಮ, ಇನ್ನು ಇದು ನಿಮಗೆ ಎರಡು ಪಟ್ಟು ದಿನ ಬರುತ್ತೆ. ಅರ್ಧ ತಗೊಂಡು ಇನ್ನರ್ಧ ಒಣ ಡಬ್ಬಿಲಿ ಹಾಕಿಡಿ, ಮಾರನೇ ದಿನಕ್ಕೆ ಆಗುತ್ತೆ.'

ತಲೆ ಆಡಿಸಿದರು. ಆದರೆ ಗಂಡ ಬರುತ್ತಿದ್ದ ದಿನಕ್ಕೇ ಸರಿಯಾಗಿ ಮತ್ತೆ ಬಂದರು. ಶೀಟು ಖಾಲಿ.

ಒಬ್ಬರೇ ತಿಂದರೆ ಅಷ್ಟು ಬೇಗ ಮುಗಿಯುವ ಹಾಗಿಲ್ಲ. ಚೂರು ವ್ಯರ್ಥವಾಗುತ್ತದೆ ಎಂದು ಎರಡನ್ನೂ ಇವರೇ ನುಂಗುತ್ತಿದ್ದಾರೆ, ಒಂದು ದಿನ ಬಿಪಿ ಇಳಿದು ತಲೆ ತಿರುಗಿ ಬೀಳುತ್ತಾರೆ, ಸೊಂಟ ಮುರಿಯುತ್ತದೆ. ನನ್ನ ತಲೆಯಲ್ಲಿ ಎಲ್ಲವೂ ಓಡಿತು.

'ಎರಡು ಚೂರೂ ನೀವೇ ತಗೋತಿದ್ದೀರಾ?'

'ಇಲ್ಲ ಕಣವ್ವ. ನಾನ್ಯಾಕ್ ಎರ್ಡೂ ನುಂಗ್ಲಿ.'

'ಮತ್ತೆ ಮಾತ್ರೆ ಎಲ್ಲಿ ಹೋಯ್ತು?'

ಅವರು ಹೊಸ ಶೀಟನ್ನು ಸೆರಗಿಗೆ ಕಟ್ಟಿಕೊಂಡು ಇಳಿದು ಹೋದರು. ಮುಂದಿನ ತಿಂಗಳೂ ಅದೇ ಕತೆ. ಬೈದೆ, ಕೇಳಿಸಿಕೊಂಡರು, ಹೋದರು. ಆ ಭಾನುವಾರ ಮಧ್ಯಾಹ್ನ ಬಿಪಿ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಅವರ ಮನೆಗೇ ಹೋದೆ.

ಮಗ ಸೊಸೆ ಮೇಲೆ ಮಲಗಿದ್ದರು. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮೊದಲು ಬಿಪಿ ನೋಡಿದೆ. ಇಳಿದಿರುತ್ತದೆ ಎಂದುಕೊಂಡು ಹೋದರೆ, ಏರಿ ಕೂತಿತ್ತು. ಮತ್ತೊಂದು ಸಲ ನೋಡಿದೆ. ಅಷ್ಟೇ. ಹಾಗಾದರೆ ಎರಡು ಚೂರು ತಿನ್ನುತ್ತಿಲ್ಲ. ಒಂದನ್ನಾದರೂ ತಿನ್ನುತ್ತಿದ್ದಾರೋ ಇಲ್ಲವೋ ಎನ್ನುವುದು ಈಗ ನನ್ನ ಭಯ.

'ಅಮ್ಮ, ನನಗೆ ನಿಜ ಹೇಳಿ. ಹೀಗೇ ಇದ್ರೆ ಯಜಮಾನ್ರಿಗೆ ಆದದ್ದೇ ನಿಮಗೂ ಆಗುತ್ತೆ.'

ಅವರು ಎದ್ದು ಒಳಗೆ ಕರೆದುಕೊಂಡು ಹೋದರು. ಗೋಡೆಗೆ ಯಜಮಾನರ ಫೋಟೋ, ಕೆಳಗೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಕಾಫಿ ಲೋಟ, ಲೋಟದ ಪಕ್ಕ ಸ್ಟೀಲ್ ಡಬ್ಬಿಯ ಮುಚ್ಚಳ. ಮುಚ್ಚಳದಲ್ಲಿ ಮಾತ್ರೆಯ ಒಂದು ಚೂರು.

'ಬೆಳಿಗ್ಗೆ ಎದ್ದು ಮಾತ್ರೆ ಕುಯ್ದೇಟ್ಗೆ ಎರಡು ಚೂರಾಯ್ತದೆ. ಒಂದು ನಂದು. ಇನ್ನೊಂದ್ ಯಾರ್ದು? ಅವ್ರ್ದೇ ಅಲ್ವಾ. ಡಬ್ಬೀಲ್ ಆಕ್ಕಂಡು ನಾಳೆ ನಾನು ಅವ್ರ್ದು ತಿನ್ನಾಕ್ ಆಯ್ತದಾ?' ಎಂದರು. ಸಂಜೆ ದೀಪ ಹಚ್ಚುವ ಮೊದಲು ಆ ಚೂರನ್ನು ತೆಗೆದು ತುಳಸಿ ಕಟ್ಟೆಯ ಮಣ್ಣಿಗೆ ಹಾಕುತ್ತಾರಂತೆ.

ಆದರೆ ಲೆಕ್ಕ ಇನ್ನೂ ಕೂಡುತ್ತಿರಲಿಲ್ಲ. ಅರ್ಧ ತಿನ್ನುತ್ತಿದ್ದರೆ ಬಿಪಿ ಇಷ್ಟೇಕೆ ಏರಬೇಕು? ಮುಚ್ಚಳದ ಚೂರನ್ನು ಎತ್ತಿ ನೋಡಿದೆ. ಅದು ಅರ್ಧವಲ್ಲ, ಅರ್ಧಕ್ಕಿಂತ ದೊಡ್ಡದು. ಆ ಹಿತ್ತಾಳೆಯ ಕಟ್ಟರ್ ಕೊಡಿ ಎಂದೆ. ಒಂದು ಮಾತ್ರೆ ಇಟ್ಟು ಒತ್ತಿದೆ. ಟಕ್ಕೆಂದು ಎರಡಾಯಿತು, ಒಂದು ದೊಡ್ಡದು, ಒಂದು ಚಿಕ್ಕದು. ಇನ್ನೊಂದು ಇಟ್ಟು ಒತ್ತಿದೆ. ಅಳತೆ ತೆಗೆದ ಹಾಗೆ ಅದೇ ದೊಡ್ಡದು, ಅದೇ ಚಿಕ್ಕದು. ಕಿಟಕಿಯ ಬೆಳಕಿಗೆ ಹಿಡಿದೆ. ಬ್ಲೇಡು ಗುಳಿಯ ನಡುವೆ ಇರಲಿಲ್ಲ, ಒಂದು ಪಕ್ಕಕ್ಕೆ ಕೂತಿತ್ತು. ಸವೆದು ಸರಿದದ್ದಲ್ಲ. ಬ್ಲೇಡಿನ ಹಿಂದೆ ಒಂದು ತೆಳು ತಗಡನ್ನು ಅರದಿಂದ ಉಜ್ಜಿ ಸೇರಿಸಿ, ಸ್ಕ್ರೂ ಬಿಗಿದು, ಅಲ್ಲಾಡದ ಹಾಗೆ ಕೂರಿಸಿದ್ದರು. ಕೂದಲೆಳೆ ತಪ್ಪದ ಕೈ. ಎಲ್ಲಿ ಕತ್ತರಿಸಬೇಕು ಎಂದು ಹೇಳಿದ್ದರೋ ಅಲ್ಲೇ ಕತ್ತರಿಸುತ್ತಿತ್ತು.

ಅಮ್ಮನೇ ಹೇಳಿದರು.

'ದೊಡ್ದು ಯಾವಾಗ್ಲೂ ನಂಗೇ ಬತ್ತಿತ್ತು ಮಗ. ಯಾಕಿಂಗೆ ಅಂತ ಕೇಳ್ದೆ. ಬ್ಲೇಡು ಅಂಗೇ ಕೂತ್ಕಬುಟ್ಟೈತೆ ಅಂದ್ರು. ನಾನೂ ಸುಮ್ಕಾದೆ. ಅವ್ರು ತೀರ್ಕಂಡ್ಮೇಲೆ ಒಂದಿನ ತಿರುವಾಕಿ ನೋಡ್ದೆ, ತಗಡು ಕಾಣ್ತು. ಅವತ್ತಿಂದ ದೊಡ್ದು ಅವ್ರಿಗೆ ಇಕ್ತೀನಿ. ಇಷ್ಟ್ ವರ್ಸ ಅವ್ರ ಪಾಲ್ನೂ ನಾನೇ ತಿಂದ್ನಲ್ಲ.'

ಹೆಂಡತಿಯ ಬಿಪಿ ಜಾಸ್ತಿ, ಅವಳು ಡಾಕ್ಟರ ಹತ್ತಿರ ಬರುವುದಿಲ್ಲ, ಅಂಗಡಿಯವಳು ಜಾಸ್ತಿ ಕೊಡುವುದಿಲ್ಲ. ಲೇತ್ ಮೇಲೆ ಆಯಸ್ಸು ಕಳೆದವರು ತಮಗೆ ಗೊತ್ತಿದ್ದ ದಾರಿಯಲ್ಲಿ ರಿಪೇರಿ ಮಾಡಿದ್ದರು. ತಮ್ಮ ಪಾಲಿನಿಂದ ಒಂದಿಷ್ಟು ತೆಗೆದು ಅವಳ ಪಾಲಿಗೆ ಸೇರಿಸಿದ್ದರು. ಯಾರಿಗೂ ಹೇಳಿರಲಿಲ್ಲ. ನನಗೆ ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಫೋಟೋವನ್ನು ಗೋಡೆಯಿಂದ ಇಳಿಸಿ ಎದುರಿಗೆ ಕೂರಿಸಿಕೊಂಡು ಬೈಯಬೇಕು ಎನಿಸಿತು. ಅದರ ಹಿಂದೆಯೇ ಅಳು ಬಂತು. ಅಮ್ಮನ ಮುಂದೆ ಅಳಬಾರದೆಂದು ಬಿಪಿ ಯಂತ್ರದ ಪಟ್ಟಿಯನ್ನು ಸುತ್ತುತ್ತಾ ಕೂತೆ.

ಅಮ್ಮ ನನ್ನ ಎದುರಿಗೆ ನೆಲದ ಮೇಲೆ ಕೂತರು. ಆಮೇಲೆ ಕೇಳಿದರು.

'ಒಂದ್ ಮಾತ್ ಕೇಳ್ತೀನಿ, ದಿಟ ಯೋಳು. ಅವ್ರು ಚಿಕ್ ಚೂರು ತಿಂದಿದ್ಕೇ ಇಂಗಾಯ್ತಾ? ಆ ಚೂರು ನಾನ್ ತಿನ್ನದೆ ಇದ್ದಿದ್ರೆ ಅವ್ರು ಇರೋರಾ?'

ಇದಕ್ಕೆ ಉತ್ತರ ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಮಾತ್ರೆಯನ್ನು ಪೂರ್ತಿ ನುಂಗುವವರಿಗೂ ಲಕ್ವ ಹೊಡೆಯುತ್ತದೆ, ವರ್ಷಗಟ್ಟಲೆ ಬಿಟ್ಟವರೂ ಗಟ್ಟಿಮುಟ್ಟಾಗಿ ಓಡಾಡುತ್ತಾರೆ. ಕೈಯಲ್ಲಿ ಒಡೆದರೆ ಚೂರುಗಳು ಹೆಚ್ಚು ಕಡಿಮೆ ಆಗುವುದು ಸಹಜ, ಇವತ್ತು ಕಡಿಮೆಯಾದದ್ದು ನಾಳೆ ಸರಿಹೋಗುತ್ತದೆ. ಈ ಕಟ್ಟರಿನಲ್ಲಿ ಮಾತ್ರ ಅದು ಒಂದು ದಿನವೂ ಸರಿಹೋಗಿರಲಿಲ್ಲ. ಇದನ್ನೆಲ್ಲ ಆ ತಾಯಿಗೆ ಹೇಗೆ ಹೇಳಲಿ? ಮುಖದ ಮೇಲೆ ನಗು ತಂದುಕೊಂಡು, ಅವರ ಕೈ ಹಿಡಿದು, 'ಇಲ್ಲಮ್ಮ, ಅಷ್ಟರಲ್ಲಿ ಏನೂ ಆಗಲ್ಲ' ಎಂದೆ.

ಅವರು ನನ್ನ ಮುಖವನ್ನೇ ನೋಡಿದರು.

'ಒಂದಿನ ಬಿಟ್ರೇ ಕೈ ಬಿದ್ದೋಯ್ತದೆ, ಬಾಯಿ ಸೊಟ್ಟ ಆಯ್ತದೆ ಅಂತ ಊರ್ಗೆಲ್ಲ ಬೈತೀಯಂತೆ. ಅವ್ರೇ ಬಂದು ಯೋಳೋರು. ಈಗ ನನ್ ಮುಂದೆ ಏನೂ ಆಗಲ್ಲ ಅಂತ ನಗ್ತೀಯ. ನಗ್ತಾ ಯೋಳೋರು ಕೆಡಕ್ ಯೋಳ್ತಾರೆ ಅಂತ ನೀನೇ ಅಲ್ವಾ ಅನ್ನಾದು.' ಕೈ ಬಿಡಿಸಿಕೊಂಡರು. 'ಬೈಯವ್ವ ನನ್ನ. ಬೈದ್ರೆ ನಂಬ್ತೀನಿ.'

ಆಗ ನಾನು ಬೈದೆ. ಅಂಗಡಿಯಲ್ಲಿ ಬೈಯುವ ಹಾಗೆ, ಮೇಲಿನ ಮನೆಗೂ ಕೇಳುವ ಹಾಗೆ. ನಿಮಗೆ ಬುದ್ಧಿ ಇದೆಯಾ, ಚೂರು ಮಾತ್ರೆಗೆ ಯಾರಾದರೂ ಸಾಯುತ್ತಾರಾ, ವಯಸ್ಸಾಗಿತ್ತು ಆಯಸ್ಸು ಮುಗಿದಿತ್ತು ಹೋದರು, ಈಗ ನೀವೂ ಹೀಗೆ ಚಿಕ್ಕ ಚೂರು ತಿಂದು ಹೋದರೆ ಅವರು ಅಲ್ಲಿ ನಿಮ್ಮ ಮುಖ ನೋಡುತ್ತಾರಾ ಎಂದೆಲ್ಲ ಬೈದೆ. ನಾನು ಬೈದು ಮುಗಿಸುವವರೆಗೂ ಅಮ್ಮ ತಲೆ ತಗ್ಗಿಸಿಕೊಂಡು, ಪಾಠ ಹೇಳಿಸಿಕೊಳ್ಳುವವರ ಹಾಗೆ, ಹೂಂ ಹೂಂ ಎನ್ನುತ್ತಿದ್ದರು. ನಂಬಿದರೋ ಇಲ್ಲವೋ ಕೇಳುವ ಧೈರ್ಯ ನನಗಿರಲಿಲ್ಲ. ಸದ್ದು ಕೇಳಿ ಸೊಸೆ ಕೆಳಗೆ ಇಳಿದು ಬಂದಳು. ಅವಳಿಗೆ ಬಿಪಿ ಏರಿದ್ದನ್ನಷ್ಟೇ ಹೇಳಿದೆ.

ಮಾರನೇ ದಿನ ಸೊಸೆ ರಜೆ ಹಾಕಿ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಾತ್ರೆ ಒಡೆಯುವ ಕೆಲಸವೇ ಬೇಡವೆಂದು ನಾನು ಅವಳ ಕೈಲಿ ಹೇಳಿ ಕಳಿಸಿದ್ದರಿಂದ, ಡಾಕ್ಟರು ಇಡಿಯಾಗಿ ನುಂಗುವ ಸಣ್ಣ ಮಾತ್ರೆಯನ್ನೇ ಬರೆದುಕೊಟ್ಟರು. ಜೊತೆಗೆ ರಾತ್ರಿಗೆ ಬೇರೆ ಒಂದು. ಹೊಸ ಚೀಟಿ ಹಿಡಿದುಕೊಂಡು ಅಮ್ಮ ಅಂಗಡಿಗೆ ಬಂದರು. ಸಣ್ಣ ಮಾತ್ರೆಯನ್ನು ಶೀಟಿನ ಮೇಲಿಂದಲೇ ಬೆರಳಿನಲ್ಲಿ ಮುಟ್ಟಿ ನೋಡಿದರು.

'ಇದ್ನ ಕುಯ್ಯಂಗಿಲ್ವಾ?'

'ಇಲ್ಲಮ್ಮ. ಇದು ಪೂರ್ತಿ ನಿಮಗೇ.'

'ಅಂಗಾರೆ ಅವ್ರಿಗೆ?'

ಅಂಗಡಿಯಲ್ಲಿ ಇನ್ನೂ ಇಬ್ಬರು ಕಾಯುತ್ತಿದ್ದರು. ನಾನು ಬಿಲ್ಲು ಬರೆಯತೊಡಗಿದೆ. ಅಮ್ಮ ಶೀಟನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾ, 'ಕಾಫಿ ಕೊಡ್ತೀನಿ ಬಿಡು' ಎಂದು ತಾವೇ ಹೇಳಿಕೊಂಡರು. ಸೆರಗಿನಿಂದ ಕರವಸ್ತ್ರದ ಗಂಟು ತೆಗೆದು ಕೌಂಟರಿನ ಮೇಲಿಟ್ಟರು. ಹಿತ್ತಾಳೆಯ ಕಟ್ಟರ್. ಮನೆಯಲ್ಲಿದ್ದರೆ ಕೈ ಸುಮ್ಮನಿರುವುದಿಲ್ಲ, ಯಾರಿಗಾದರೂ ಬೇಕಾದವರಿಗೆ ಕೊಡು ಎಂದರು.

ಅದು ನನ್ನ ಡ್ರಾಯರಿನಲ್ಲೇ ಇದೆ. ಮಾತ್ರೆ ಒಡೆಯಲು ಏನಾದರೂ ಇದೆಯಾ ಎಂದು ಕೇಳುವವರಿಗೆ ಪ್ಲಾಸ್ಟಿಕ್ಕಿನದನ್ನೇ ಕೊಡುತ್ತೇನೆ. ತಗಡು ತೆಗೆದರೆ ಇದೂ ಸಮವಾಗಿ ಕತ್ತರಿಸುತ್ತದೆ. ತೆಗೆದಿಲ್ಲ.

ಅಮ್ಮ ಈಗ ತಿಂಗಳು ತಿಂಗಳೂ ಬರುತ್ತಾರೆ, ಗಂಡನ ಹಾಗೆಯೇ, ಹೇಳಿದ ದಿನಕ್ಕೆ. ಬಿಪಿ ಹತೋಟಿಗೆ ಬಂದಿದೆ. ನಾನು ಕೇಳುವ ಮೊದಲೇ 'ಬಿಟ್ಟಿಲ್ಲ ಕಣವ್ವ, ಒಂದಿನಾನೂ ಬಿಟ್ಟಿಲ್ಲ' ಎಂದು ಶೀಟಿನ ತುದಿ ಇಡುತ್ತಾರೆ. ನಾನು ಮೊದಲಿನಷ್ಟು ಬೈಯುವುದಿಲ್ಲ ಎಂದು ಜನ ಹೇಳುತ್ತಾರೆ. ಇರಬಹುದು. ಕೈ ಬೀಳುತ್ತೆ, ಬಾಯಿ ಸೊಟ್ಟಗಾಗುತ್ತೆ ಎನ್ನುವ ಮಾತನ್ನಂತೂ ಬಿಟ್ಟಿದ್ದೇನೆ.

ಈ ಸಲದ ಪಿತೃಪಕ್ಷ ಕಳೆದ ಮೇಲೆ ಬಂದಾಗ ಮಾತ್ರ ಅವರು ಶೀಟು ಇಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಿಂತರು. ನಮ್ಮ ಕಡೆ ಪಕ್ಷದಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಎಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಂದೆ ಮಾಡಿ, ಅವರು ಬಂದು ಉಣ್ಣಲಿ ಎಂದು ಹೊರಗೆ ಕಾಯುತ್ತೇವೆ.

'ಮೊನ್ನೆ ಎಡೆ ಇಕ್ಕಿದ್ವಿ' ಎಂದರು. 'ಮುದ್ದೆ, ಅವ್ರೆಕಾಳ್ ಸಾರು, ವಡೆ ಎಲ್ಲಾ ಇಕ್ಕಿದ್ವಿ. ಅವತ್ತೊಂದಿನ ನಾನ್ ಮಾತ್ರೆ ತಗಳ್ಳಿಲ್ಲ ಮಗ. ಬೈದ್ರೆ ಬೈಕೋ.'

'ಯಾಕಮ್ಮ?'

'ಎಲೆ ತುದೀಗೆ ಅವ್ರಿಗಿಟ್ಟೆ' ಎಂದರು. 'ಇಡೀದು.'